ಅಣ್ಣಾವ್ರ ದನಿಗೊಂದು ಮೂಲೆ ಬಿಡಿ!

ನಮ್ಮ ಹದಿನಾರಿನಲ್ಲಿ ಹಬ್ಬ ಬಂತೆಂದರೆ ಕಂಬಕ್ಕೆ ಕಟ್ಟಿದ ಹಾರ್ನಿನಲ್ಲಿ ಅಣ್ಣಾವ್ರ ಹಾಡು ಮೈಲಿ ದೂರಕ್ಕೆ ಕೇಳುತ್ತೆ. ಆದರೆ ಕೇಳೋದು ಮೂಗಿನ ದನಿ ಮಾತ್ರ, ಎದೆಯ ದನಿ ಎಲ್ಲಿ? 1974ರ ‘ಸಂಪತ್ತಿಗೆ ಸವಾಲ್’ನಿಂದ ನಾಡನ್ನೇ ಗೆದ್ದ ಕಂಠಕ್ಕೆ ಇದೆಂಥ ಅನ್ಯಾಯ ಸ್ವಾಮಿ!

ಮೈಕ್ ಸೆಟ್ಟಿನವನನ್ನು ನಾನು ಬೈಯೋಲ್ಲ. ಹದಿನೈದು ಅಂಗುಲ ಬಾಯಿಯ ಹಾರ್ನ್, ಸೆಕೆಂಡಿಗೆ ಸುಮಾರು 300 ಕಂಪನಕ್ಕಿಂತ ಕೆಳಗಿನ ದನಿಯನ್ನು ಸರಿಯಾಗಿ ಹೊರಹಾಕದು. ಗಂಡಸು ಮಾತಾಡುವ ಮೂಲದನಿ ಇರೋದೇ 100ರಿಂದ 200ರ ಆಸುಪಾಸಿನಲ್ಲಿ! 100ಕ್ಕೆ ಇಳಿಯಬೇಕಾದರೆ ಬಾಯಿ ಮೂರೂವರೆ ಅಡಿ ಅಗಲ ಬೇಕು. ಅದನ್ನು ಪಡಸಾಲೆಯಲ್ಲಿಟ್ಟರೆ ಮನೆಯವರು ಮಲಗೋದೆಲ್ಲಿ?

ಅದಕ್ಕೆ ಮೂಲೆಯ ಉಪಾಯವಿದೆ. ಅಮೆರಿಕದ ಪಾಲ್ ಕ್ಲಿಪ್ಶ್ 1940ರ ದಶಕದಲ್ಲೇ ಮಾಡಿ ತೋರಿಸಿದ್ದು. ನೆಲವೂ ಎರಡು ಗೋಡೆಗಳೂ ಸೇರಿ ಹಾರ್ನಿನ ಮುಂದುವರಿಕೆಯಾಗುತ್ತವೆ. ಲೆಕ್ಕಕ್ಕೆ ಬಾಯಿಯ ವಿಸ್ತಾರ ಎಂಟನೇ ಒಂದು ಪಾಲು ಸಾಕು. ಉದ್ದದ ಹಾರ್ನನ್ನು ಪ್ಲೈವುಡ್ ಪೆಟ್ಟಿಗೆಯೊಳಗೆ ಮಡಿಸಿ. ಎಂಟು ಅಂಗುಲದ ಫುಲ್ ರೇಂಜ್ ಸ್ಪೀಕರಿನ ಮುಖ ನಮ್ಮ ಕಡೆಗಿರಲಿ. ಬೆನ್ನಿನ ದನಿ ಹಾರ್ನಿನಲ್ಲಿ ಹಾದು ಮೂಲೆಗೆ ಬರಲಿ.

ಹಳೇ ಮನೆಯ ದಪ್ಪ ಮಣ್ಣಿನ ಗೋಡೆ ಇದಕ್ಕೆ ಹೇಳಿ ಮಾಡಿಸಿದ್ದು. ತಗಡಿನ ಗೋಡೆ ತಾನೇ ಅದುರಿ ದಪ್ಪ ದನಿಯನ್ನು ತಿಂದುಬಿಡುತ್ತೆ. ಹಾರ್ನಿಗೆ ನೂರಾರು ವ್ಯಾಟ್ ಸುರಿಯಬೇಡಿ, ಮನೆಗೆ ಹತ್ತೇ ಧಾರಾಳ.

ಬೀದಿಗೆಲ್ಲ ಕೇಳಿಸೋ ಹಟ ಬಿಡ್ರಪ್ಪ. ವಾಲ್ಯೂಮ್ ಇಳಿಸಿ, ಕಣ್ಣು ಮುಚ್ಚಿ ಕೂತು ಕೇಳಿ. ಅಣ್ಣಾವ್ರು ಉಸಿರೆಳೆದುಕೊಳ್ಳೋದೂ ಕೇಳಿಸಿದರೆ ನನಗೊಂದು ಕಾರ್ಡು ಹಾಕಿ!