ಅಗ್ಗದ ಮಾನಿಟರ್, ದೂರದ ವಾರಂಟಿ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿಯೂ ಬಂಧುಗಳಲ್ಲಿಯೂ ಅನೇಕರು ಮಕ್ಕಳ ಓದಿಗೆಂದು ಕಂಪ್ಯೂಟರ್ ಕೊಳ್ಳುತ್ತಿದ್ದಾರೆ. "ಸಾರ್, ಕಡಿಮೆ ಬೆಲೆಯ ಮಾನಿಟರ್ ಸಾಕಲ್ಲವೇ?" ಎಂದು ಕೇಳುವವರಿಗೆಲ್ಲ ಇಲ್ಲಿಯೇ ಉತ್ತರ ಬರೆಯುತ್ತಿದ್ದೇನೆ. ಸಾಕು. ಅಗ್ಗದ ವಸ್ತುವಿನ ಬಗ್ಗೆ ನನ್ನ ತಕರಾರಿಲ್ಲ. ತಾಲ್ಲೂಕಿನಲ್ಲಿ ಮಾರಿ ಬೆಂಗಳೂರಿನಲ್ಲಿ ಮಾತ್ರ ಪಾಲಿಸುವ ವಾರಂಟಿಯ ಬಗ್ಗೆ ಇದೆ.

ಮೊದಲು ನ್ಯಾಯವಾಗಿ ಒಪ್ಪಬೇಕಾದದ್ದನ್ನು ಒಪ್ಪೋಣ. ನನ್ನದು 18.5 ಅಂಗುಲದ ಮಾನಿಟರ್. ಅಡ್ಡಕ್ಕೆ 1366, ಉದ್ದಕ್ಕೆ 768 ಚುಕ್ಕಿಗಳು. ಅಂದರೆ ಅಂಗುಲಕ್ಕೆ ಸುಮಾರು 85. ಇಂಗ್ಲಿಷಿಗೆ ಇದು ಹೇಗೋ ಸಾಲುತ್ತದೆ. ಆದರೆ 'ರಾಷ್ಟ್ರ', 'ಸ್ತ್ರೀ' ಎಂಬ ಪದಗಳಲ್ಲಿ ಅಕ್ಷರದ ಕೆಳಗೆ ಒತ್ತು, ಒತ್ತಿನ ಪಕ್ಕದಲ್ಲಿ ಮತ್ತೊಂದು ಒತ್ತು ಬರುವ ನಮ್ಮ ಲಿಪಿ ಸಣ್ಣ ಗಾತ್ರದಲ್ಲಿ ಕಲಸಿಹೋಗುತ್ತದೆ. 1920 × 1080 ಚುಕ್ಕಿಗಳ 21.5 ಅಂಗುಲದ ಪರದೆಯಲ್ಲಿ ಅಂಗುಲಕ್ಕೆ ಸುಮಾರು 102 ಚುಕ್ಕಿಗಳಿರುವುದರಿಂದ ಕನ್ನಡ ಸ್ಪಷ್ಟವಾಗಿ ಕಾಣುತ್ತದೆ. ಈ ಸಂಖ್ಯೆಗಳು ಪೆಟ್ಟಿಗೆಯ ಮೇಲೆಯೇ ಅಚ್ಚಾಗಿರುತ್ತವೆ, ಇದರಲ್ಲಿ ಮೋಸವಿಲ್ಲ. ಹತ್ತು ಲಕ್ಷಕ್ಕೂ ಹೆಚ್ಚು ಚುಕ್ಕಿಗಳಲ್ಲಿ ಒಂದೆರಡು ಸತ್ತಿದ್ದರೆ ಅದನ್ನೂ ಸಹಿಸಬಹುದು.

ಸಹಿಸಲಾಗದ್ದು ಇದು. ಕೊಂಡ ಎಂಟನೆಯ ತಿಂಗಳಲ್ಲಿ ಪರದೆಯ ಮೇಲಿಂದ ಕೆಳಕ್ಕೆ ಒಂದು ಹಸಿರು ಗೆರೆ ಮೂಡಿತು. ಅಂಗಡಿಯವರು ಕಂಪನಿಯನ್ನು ಕೇಳಿ ಎಂದರು. ಕಂಪನಿಯವರು ಮಾನಿಟರನ್ನು ಮೂಲ ಪೆಟ್ಟಿಗೆಯಲ್ಲಿಯೇ ಇಟ್ಟು ಬೆಂಗಳೂರಿನ ಸರ್ವಿಸ್ ಸೆಂಟರಿಗೆ ತನ್ನಿ ಎಂದರು. ಚಿಂತಾಮಣಿಯಿಂದ ಬೆಂಗಳೂರು 70 ಕಿ.ಮೀ.ಗೂ ಹೆಚ್ಚು. ಒಮ್ಮೆ ಬಸ್ಸಿನಲ್ಲಿ ಹೊತ್ತು ಹೋಗಿ ಕೊಟ್ಟು ಬಂದೆ. ಎರಡನೆಯ ಬಾರಿ ಹೋದಾಗ ಬಿಡಿಭಾಗ ಬಂದಿಲ್ಲವೆಂದರು. ಮೂರನೆಯ ಬಾರಿ ಹೋಗಲಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆ. ಅನಂತರ ಮಾನಿಟರ್ ದುರಸ್ತಿಯಾಗಿ ಮನೆ ಬಾಗಿಲಿಗೇ ಬಂತು! ದೂರು ಕೊಟ್ಟವನ ಮನೆಗೆ ಬರಲು ಸಾಧ್ಯವಾದದ್ದು, ದೂರು ಕೊಡದವನ ಮನೆಗೆ ಏಕೆ ಅಸಾಧ್ಯ?

"ಆ ಬೆಲೆಗೆ ಇನ್ನೇನು ನಿರೀಕ್ಷಿಸುತ್ತೀರಿ?" ಎಂಬ ಸಮಾಧಾನವನ್ನು ನಾನು ಒಪ್ಪುವುದಿಲ್ಲ. ಕಡಿಮೆ ಬೆಲೆಗೆ ಕಡಿಮೆ ಚುಕ್ಕಿಗಳು ಸಿಗಲಿ, ಎತ್ತರ ಹೊಂದಿಸಲಾಗದ ಕಾಲು ಸಿಗಲಿ. ಕಡಿಮೆ ಹೊಣೆಗಾರಿಕೆ ಸಿಗಬೇಕೆಂದು ಯಾವ ಪೆಟ್ಟಿಗೆಯ ಮೇಲೂ ಬರೆದಿಲ್ಲ. ಅಚ್ಚಾದ ಗರಿಷ್ಠ ಬೆಲೆ ಬೆಂಗಳೂರಿಗೂ ಗೌರಿಬಿದನೂರಿಗೂ ಒಂದೇ. ವಾರಂಟಿಯ ವೆಚ್ಚ ಆ ಬೆಲೆಯೊಳಗೇ ಸೇರಿದೆ. ಹಾಗಿರುವಾಗ ನಗರದವನಿಗೆ ಪುಕ್ಕಟೆ ದೊರೆಯುವ ಸೇವೆಗೆ ನಮ್ಮವನು ಬಸ್ ಚಾರ್ಜನ್ನೂ ಎರಡು ದಿನದ ಕೂಲಿಯನ್ನೂ ತೆರಬೇಕೇ?

ಇನ್ನೊಂದು ಅನ್ಯಾಯವಿದೆ. ಗೆರೆ ಮೂಡುವುದು ಗಾಜಿನ ಅಂಚಿನ ಸೂಕ್ಷ್ಮ ಜೋಡಣೆ ಕೆಟ್ಟಾಗ. ಅದು ನಮ್ಮೂರಿನ ರಿಪೇರಿಯವರ ಕೈಗೆ ನಿಲುಕುವುದಿಲ್ಲ, ನಿಜ. ಆದರೆ ಶಾಖಕ್ಕೆ ಉಬ್ಬಿದ ಕೆಪಾಸಿಟರ್ ಬದಲಿಸಿ ಸತ್ತ ಮಾನಿಟರನ್ನು ಬದುಕಿಸಬಲ್ಲ ಹುಡುಗರು ಚಿಕ್ಕಬಳ್ಳಾಪುರದಲ್ಲೂ ಇದ್ದಾರೆ. ಅವರು ತಿರುಪು ಬಿಚ್ಚಿದರೆ ವಾರಂಟಿ ರದ್ದು! ತಾನೂ ಬರುವುದಿಲ್ಲ, ಬರುವವನನ್ನೂ ಬಿಡುವುದಿಲ್ಲ.

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ನೀವೆಲ್ಲ ಕಂಡವರು. ರೀಲರ್ ಗೂಡಿನ ರಾಶಿಗೆ ಕೈಹಾಕಿ, ಎತ್ತಿ ನೋಡಿ, ಅದುಮಿ ನೋಡಿ ಬೆಲೆ ಕಟ್ಟುತ್ತಾನೆ. ಮಾರುವ ರೈತನೂ ಅದಕ್ಕೆ ಅಡ್ಡಿಪಡಿಸುವುದಿಲ್ಲ. ಅಕ್ಷರ ಕಲಿಯದ ರೈತನಿಂದ ನಾವು ಅಪೇಕ್ಷಿಸುವ ಈ ಪ್ರಾಮಾಣಿಕತೆಯನ್ನು ದೊಡ್ಡ ಕಂಪನಿಯಿಂದ ಅಪೇಕ್ಷಿಸಬಾರದೇ?

ಕಾನೂನು ನಮ್ಮ ಪರವಾಗಿದೆ. 2020ರ ಜುಲೈ 20ರಂದು ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಗ್ರಾಹಕನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು; 1986ರ ಕಾಯ್ದೆಯಲ್ಲಿ ಈ ಸೌಲಭ್ಯವಿರಲಿಲ್ಲ. ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವೂ ಇಲ್ಲ. 2022ರಲ್ಲಿ ಕೇಂದ್ರ ಸರ್ಕಾರ 'ದುರಸ್ತಿಯ ಹಕ್ಕು' ಕುರಿತು ಸಮಿತಿ ರಚಿಸಿ, ಅದೇ ವರ್ಷದ ಡಿಸೆಂಬರಿನಲ್ಲಿ ಜಾಲತಾಣವನ್ನೂ ತೆರೆಯಿತು. ಹಕ್ಕು ಕಾಗದದ ಮೇಲಿದೆ. ಅದನ್ನು ಕೇಳಿ ಪಡೆಯುವ ಅಭ್ಯಾಸ ನಮಗಿನ್ನೂ ಬಂದಿಲ್ಲ.

ಆದ್ದರಿಂದ ಕೊಳ್ಳುವವರು ಅಂಗಡಿಯಲ್ಲಿಯೇ ಮಾನಿಟರನ್ನು ಹಚ್ಚಿಸಿ, ಕನ್ನಡದ ಒಂದು ಪುಟವನ್ನು ತೆರೆಸಿ ನೋಡಿ. "ಕೆಟ್ಟರೆ ಯಾವ ಊರಿಗೆ ಒಯ್ಯಬೇಕು?" ಎಂದು ಹಣ ಕೊಡುವ ಮೊದಲೇ ಕೇಳಿ. ರಸೀದಿಯನ್ನು ಜೋಪಾನ ಮಾಡಿ. ಸುತ್ತಾಡಿಸಿದರೆ ಸುಮ್ಮನಿರಬೇಡಿ.

ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ಇಂತಹ ಕಂಪನಿಗಳಲ್ಲಿಯೇ ಹಿರಿಯ ಹುದ್ದೆಯಲ್ಲಿದ್ದೀರಿ. ನಿಮಗೆ ನನ್ನದೊಂದು ಮಾತು: ತಾಲ್ಲೂಕಿಗೊಂದು ಸ್ವೀಕಾರ ಕೇಂದ್ರವಿರಲಿ, ಇಲ್ಲವೇ ಮನೆಯಿಂದ ಒಯ್ಯುವ ವ್ಯವಸ್ಥೆಯಿರಲಿ ಎಂದು ನಿಮ್ಮ ಸಭೆಗಳಲ್ಲಿ ಹೇಳಿ. ಅದನ್ನು ಬೇರೆ ಯಾರೂ ಹೇಳಲಾರರು. ನಿಮ್ಮ ಊರು ಯಾವುದೆಂದು ನೆನಪಿರುವ ನೀವೇ ಹೇಳಬೇಕು.