ಹಕ್ಕಿಯ ಕಾಲುಂಗುರ, ನಮ್ಮ ಹೊಲದ ವಿಷ

ಮಳೆಗಾಲ ಮುಗಿದು ಬೇಣದ ಹುಲ್ಲು ಹೊಂಬಣ್ಣಕ್ಕೆ ತಿರುಗುವ ಹೊತ್ತಿಗೆ ಮಧ್ಯ ಏಷ್ಯಾದ ಬಯಲುಗಳಿಂದ ಸೆಳೆವ ಹಕ್ಕಿಗಳು ಕರ್ನಾಟಕದ ಹುಲ್ಲುಗಾವಲುಗಳಿಗೆ ಬಂದಿಳಿಯುತ್ತವೆ. ನೆಲಕ್ಕೆ ತೀರ ಹತ್ತಿರದಲ್ಲಿ ತೇಲುತ್ತ ಮಿಡತೆ, ಇಲಿಗಳನ್ನು ಹಿಡಿದು ತಿನ್ನುವ ಈ ಬೇಟೆಹಕ್ಕಿಗಳು ರೈತನಿಗೆ ಕೂಲಿ ಕೇಳದ ಆಳುಗಳು. ಇಂಥ ಹಕ್ಕಿಗಳು ಯಾವ ದಾರಿಯಲ್ಲಿ ಬರುತ್ತವೆ, ಎಲ್ಲಿ ತಂಗುತ್ತವೆ, ಎಲ್ಲಿ ಸಾಯುತ್ತವೆ ಎಂಬ ಪ್ರಶ್ನೆಗಳು ಪಕ್ಷಿಪ್ರೇಮಿಗಳ ಕುತೂಹಲಕ್ಕೆ ಮಾತ್ರ ಸೇರಿದವಲ್ಲ. ಅವು ಕೃಷಿಯ ಪ್ರಶ್ನೆಗಳೂ ಹೌದು.

ಸಂಖ್ಯೆ ಕೊರೆದ ಹಗುರ ಲೋಹದ ಉಂಗುರವನ್ನು ಹಕ್ಕಿಯ ಕಾಲಿಗೆ ತೊಡಿಸಿ ಬಿಡುವ ಪದ್ಧತಿಯನ್ನು ಡೆನ್ಮಾರ್ಕಿನ ಶಾಲಾ ಉಪಾಧ್ಯಾಯ ಹ್ಯಾನ್ಸ್ ಕ್ರಿಶ್ಚಿಯನ್ ಮಾರ್ಟೆನ್‌ಸನ್ 1899ರಲ್ಲಿ ವ್ಯವಸ್ಥಿತವಾಗಿ ಆರಂಭಿಸಿದರು. ಭಾರತದಲ್ಲಿ ಈ ಕಾರ್ಯ ವಿಸ್ತಾರಗೊಂಡದ್ದರ ಹಿಂದೆ ಮಲೆನಾಡಿನ ನೋವೊಂದಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಪತ್ತೆಯಾದಾಗ, ಅದರ ವೈರಾಣು ರಷ್ಯಾದ ಕಾಡುಗಳ ವೈರಾಣುವೊಂದನ್ನು ಹೋಲುತ್ತಿತ್ತು. ವಲಸೆ ಹಕ್ಕಿಗಳ ಮೈಮೇಲಿನ ಉಣ್ಣೆಗಳು ಅದನ್ನು ತಂದಿರಬಹುದೇ ಎಂಬ ಸಂಶಯ ಮೂಡಿತು. ಆಗ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ, ಸಲೀಂ ಅಲಿಯವರ ನೇತೃತ್ವದಲ್ಲಿ, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯು ದೊಡ್ಡ ಪ್ರಮಾಣದಲ್ಲಿ ಹಕ್ಕಿಗಳಿಗೆ ಉಂಗುರ ತೊಡಿಸಿತು. ಹಕ್ಕಿಗಳೇ ರೋಗವನ್ನು ತಂದವೆಂಬುದಕ್ಕೆ ಪುರಾವೆ ದೊರೆಯಲಿಲ್ಲ. ಆದರೆ ವಲಸೆಯ ಬಗೆಗಿನ ನಮ್ಮ ತಿಳಿವಳಿಕೆ ಬೆಳೆಯಿತು.

ಉಂಗುರಕ್ಕೊಂದು ಮಿತಿಯಿದೆ. ಆ ಹಕ್ಕಿ ಮತ್ತೆ ಯಾರ ಕೈಗಾದರೂ ಸಿಕ್ಕಿದರೆ ಮಾತ್ರ ಅದು ಮಾತನಾಡುತ್ತದೆ. ಬೆನ್ನಿಗೆ ಕಟ್ಟುವ ಉಪಗ್ರಹ ಸಾಧನವಾದರೋ ಹಾರಾಟದುದ್ದಕ್ಕೂ ಸುದ್ದಿ ಕಳುಹಿಸುತ್ತಿರುತ್ತದೆ. ಹೀಗೆ ದೊರೆತ ಸುದ್ದಿಯು ಕೃಷಿ ವಿಜ್ಞಾನಿಗಳಾದ ನಾವು ಮರೆಯಬಾರದ ಪಾಠವೊಂದನ್ನು ಕಲಿಸಿದೆ.

ಉತ್ತರ ಅಮೆರಿಕದ ಪಶ್ಚಿಮದ ಬಯಲುಗಳಲ್ಲಿ ಮರಿಮಾಡುವ ಸ್ವೇನ್ಸನ್ ಗಿಡುಗಗಳು ಚಳಿಗಾಲವನ್ನು ಎಲ್ಲಿ ಕಳೆಯುತ್ತವೆಂಬುದು ಖಚಿತವಾಗಿ ತಿಳಿದಿರಲಿಲ್ಲ. 1990ರ ದಶಕದ ನಡುವಿನಲ್ಲಿ ಉಪಗ್ರಹ ಸಾಧನ ಹೊತ್ತ ಹಕ್ಕಿಗಳ ಜಾಡು ಹಿಡಿದು ಸಂಶೋಧಕರು ಅರ್ಜೆಂಟೀನಾದ ಪಂಪಾ ಬಯಲಿಗೆ ತಲುಪಿದರು. ಅಲ್ಲಿ ಅವರು ಕಂಡದ್ದು ಗಿಡುಗಗಳ ಹೆಣಗಳನ್ನು. 1995–96ರ ಹಂಗಾಮಿನಲ್ಲಿ 5,000ಕ್ಕೂ ಹೆಚ್ಚು ಹೆಣಗಳು ಲೆಕ್ಕಕ್ಕೆ ಸಿಕ್ಕವು. ಸತ್ತವು ಸುಮಾರು 20,000 ಎಂದು ಅಂದಾಜಿಸಲಾಯಿತು. ಸೂರ್ಯಕಾಂತಿ ಮತ್ತು ಕುದುರೆಮಸಾಲೆ ಹೊಲಗಳಲ್ಲಿ ಮಿಡತೆಗಳಿಗೆಂದು ಸಿಂಪಡಿಸಿದ ಮೊನೊಕ್ರೊಟೊಫಾಸ್ ಈ ಸಾವುಗಳಿಗೆ ಕಾರಣವಾಗಿತ್ತು. ಸರ್ಕಾರ, ತಯಾರಕರು ಮತ್ತು ರೈತರು ಕೂಡಿ ಆ ವಿಷವನ್ನು ಅಲ್ಲಿಂದ ಹಿಂತೆಗೆದ ಮೇಲೆ ಸಾಮೂಹಿಕ ಸಾವುಗಳು ನಿಂತವು.

ಮೊನೊಕ್ರೊಟೊಫಾಸ್ ಎಂಬ ಹೆಸರು ನಮ್ಮ ರೈತರಿಗೆ ಹೊಸದಲ್ಲ. ಬಿಹಾರದಲ್ಲಿ 2013ರಲ್ಲಿ ಬಿಸಿಯೂಟ ಉಂಡ 23 ಮಕ್ಕಳನ್ನು ಕೊಂದದ್ದೂ ಇದೇ. ಭಾರತದಲ್ಲಿ ತರಕಾರಿ ಬೆಳೆಗಳಿಗೆ ಇದರ ಬಳಕೆಯನ್ನು ನಿಷೇಧಿಸಿದ ಬಳಿಕವೂ ಅನ್ಯ ಬೆಳೆಗಳ ಹೆಸರಿನಲ್ಲಿ ಅಂಗಡಿಗಳಲ್ಲಿ ದೊರೆಯುತ್ತಲೇ ಇತ್ತು. ಅದರ ಶೇ. 36ರ ದ್ರಾವಣವನ್ನು ಕೈಬಿಡುವ ಆದೇಶ ಕೇಂದ್ರದಿಂದ ಹೊರಬಿದ್ದದ್ದು 2023ರಲ್ಲಿ. ಒಂದು ವಿಷ ಹೋದಲ್ಲಿ ಮತ್ತೊಂದು ಬರುತ್ತದೆ. ಶುಂಠಿ ಗದ್ದೆಗೆ, ಮೆಕ್ಕೆಜೋಳದ ಹೊಲಕ್ಕೆ ಏನನ್ನು, ಎಷ್ಟು ಸುರಿಯುತ್ತಿದ್ದೇವೆಂಬ ಲೆಕ್ಕವನ್ನು ನಮ್ಮ ಊರುಗಳು ಇಟ್ಟಿಲ್ಲ.

ತಿಳಿದ ಮೇಲೆ ಜನರು ಬದಲಾಗಬಲ್ಲರು ಎಂಬುದಕ್ಕೆ ನಾಗಾಲ್ಯಾಂಡಿನ ಪಾಂಗ್ತಿ ಗ್ರಾಮ ಸಾಕ್ಷಿ. ಅಲ್ಲಿನ ದೊಯಾಂಗ್ ಜಲಾಶಯದ ಬಳಿ 2012ರಲ್ಲಿ ಅಮೂರ್ ಚಾಣಗಳನ್ನು ಬಲೆಯೊಡ್ಡಿ ಹತ್ತಾರು ಸಾವಿರ ಸಂಖ್ಯೆಯಲ್ಲಿ ಕೊಲ್ಲಲಾಗಿತ್ತು. ಮರುವರ್ಷ ಗ್ರಾಮಸ್ಥರೇ ಬೇಟೆಯನ್ನು ನಿಲ್ಲಿಸಿದರು. ಅದೇ ನವೆಂಬರಿನಲ್ಲಿ ಸುಮಾರು 5 ಗ್ರಾಂ ತೂಕದ ಸಾಧನ ಹೊತ್ತು ‘ನಾಗಾ’, ‘ವೋಖಾ’, ‘ಪಾಂಗ್ತಿ’ ಎಂಬ ಮೂರು ಚಾಣಗಳು ಹಾರಿದವು. ಅರಬ್ಬೀ ಸಮುದ್ರವನ್ನು ಎಲ್ಲಿಯೂ ಇಳಿಯದೆ ದಾಟಿ ಆಫ್ರಿಕಕ್ಕೆ ಸಾಗಿದ ಹಕ್ಕಿಗೆ ತಮ್ಮ ಊರಿನ ಹೆಸರಿದೆ ಎಂಬ ಹೆಮ್ಮೆ ಆ ಜನರ ನಿರ್ಧಾರವನ್ನು ಗಟ್ಟಿಗೊಳಿಸಿತು.

ಸಂಶೋಧನೆಗೂ ಹೊಣೆಗಾರಿಕೆಯಿದೆ. ಸಾಧನದ ಭಾರವು ಹಕ್ಕಿಯ ತೂಕದ ಶೇ. 3ರ ಆಸುಪಾಸಿನಲ್ಲಿಯೇ ಇರತಕ್ಕದ್ದು. 1972ರ ವನ್ಯಜೀವಿ ಕಾಯಿದೆಯಡಿ ಅನುಮತಿಯಿಲ್ಲದೆ ಹಕ್ಕಿ ಹಿಡಿಯುವಂತಿಲ್ಲ. ಜೊತೆಗೆ, ಯಾವ ಊರಿನ ನೆಲದಲ್ಲಿ ಅಧ್ಯಯನ ನಡೆಯುವುದೋ ಆ ಊರಿಗೆ ಅದರ ಫಲಿತಾಂಶವನ್ನು ಅದರ ಭಾಷೆಯಲ್ಲಿ ತಿಳಿಸಬೇಕು. ಪ್ರಬಂಧವಾಗಿ ಗ್ರಂಥಾಲಯ ಸೇರಿದ ಜ್ಞಾನ ಹಕ್ಕಿಯನ್ನು ಉಳಿಸದು.

ಗ್ರಾಮಸ್ಥರಲ್ಲಿಯೂ ವಿದ್ಯಾರ್ಥಿಗಳಲ್ಲಿಯೂ ನಮ್ಮ ಕೋರಿಕೆ ಇಷ್ಟೆ. ಉಂಗುರ ಅಥವಾ ಯಂತ್ರ ಹೊತ್ತ ಹಕ್ಕಿ ಕಂಡರೆ ಗೂಢಚಾರಿಯೆಂಬ ವದಂತಿಗೆ ಕಿವಿಗೊಡಬೇಡಿ. ಸಂಖ್ಯೆ, ಸ್ಥಳ, ದಿನಾಂಕಗಳನ್ನು ಬರೆದುಕೊಂಡು ಅರಣ್ಯ ಇಲಾಖೆಗೆ ತಿಳಿಸಿ. ಜೀವಂತ ಹಕ್ಕಿಯ ಉಂಗುರವನ್ನು ಕಳಚಬೇಡಿ. ಬೇಣಗಳನ್ನು ಬೀಳುಭೂಮಿಯೆಂದು ಕರೆದು ಅಕೇಶಿಯಾ ತುಂಬಿದ ತಪ್ಪು ಮರುಕಳಿಸದಂತೆ ಕಾಯಿರಿ, ಏಕೆಂದರೆ ಸೆಳೆವಗಳು ರಾತ್ರಿ ಮಲಗುವುದು ಹುಲ್ಲಿನ ನೆಲದ ಮೇಲೆಯೇ. ಪ್ರತಿ ಊರಿನ ಶಾಲೆಯೂ ತನ್ನ ಊರಿನಲ್ಲಿ ಸಿಂಪಡಿಸುವ ವಿಷಗಳ ಪಟ್ಟಿಯೊಂದನ್ನು ಈ ವರ್ಷವೇ ಮಾಡಲಿ. ಸಾವಿರಾರು ಮೈಲಿ ದಾಟಿ ಬಂದ ಹಕ್ಕಿ ನಮ್ಮ ಗದ್ದೆಯ ಮಿಡತೆಯನ್ನು ತಿಂದು ಬದುಕಿ ಹಿಂದಿರುಗುವುದೋ ಇಲ್ಲವೋ ಎಂಬುದು ನಾವು ಕೈಗೆತ್ತಿಕೊಳ್ಳುವ ಡಬ್ಬಿಯನ್ನು ಅವಲಂಬಿಸಿದೆ.