ಹೌಸ್‌ಫುಲ್ ಬೋರ್ಡ್ ನಂಬಿ ಮೈಮರೆಯಬೇಡಿ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್‌ನ ಸರಪಳಿ ತುಂಡಾಗಿ ಗೇಟ್ ಕೊಚ್ಚಿಹೋಯಿತು. ಆಗ ಜಲಾಶಯ ತುಂಬಿತ್ತು. ಹಿನ್ನೀರು ನೋಡಿ ಸಂತೋಷಪಟ್ಟವರೇ ಎಲ್ಲ. ಸರಪಳಿ ಎಷ್ಟು ಸವೆದಿದೆ ಎಂದು ಕೇಳಿದವರು ಕಡಿಮೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಟಾಕೀಸುಗಳ ವಿಷಯದಲ್ಲೂ ಅದೇ ಪ್ರಶ್ನೆಯನ್ನು ಈಗಲೇ ಕೇಳಬೇಕಾಗಿದೆ.

2018ರಲ್ಲಿ ‘ಕೆಜಿಎಫ್’, 2022ರಲ್ಲಿ ‘ಕಾಂತಾರ’, 2025ರ ಅಕ್ಟೋಬರಿನಲ್ಲಿ ‘ಕಾಂತಾರ ಚಾಪ್ಟರ್ 1’ ಬಂದಾಗ ರಾಜ್ಯದ ಸಣ್ಣ ಊರುಗಳ ಚಿತ್ರಮಂದಿರಗಳಿಗೆ ಮತ್ತೆ ಜೀವ ಬಂತೆಂದು ಎಲ್ಲರೂ ಹೇಳಿದರು. ಹಳ್ಳಿಯ ಜನ ಮನೆಮಂದಿಯನ್ನೆಲ್ಲ ಕರೆದುಕೊಂಡು ಟಾಕೀಸಿಗೆ ಬಂದದ್ದು ನಿಜ. ಆದರೆ ಟಾಕೀಸಿನ ಆರೋಗ್ಯ ಗೊತ್ತಾಗುವುದು ಹಬ್ಬದ ವಾರದ ಸೆಕೆಂಡ್ ಶೋದಲ್ಲಿ ಅಲ್ಲ, ಯಾವ ದೊಡ್ಡ ನಟನ ಚಿತ್ರವೂ ಇಲ್ಲದ ಮಂಗಳವಾರದ ಮ್ಯಾಟ್ನಿಯಲ್ಲಿ. ಆ ಮ್ಯಾಟ್ನಿ ಖಾಲಿಯಾಗಿದ್ದರೆ ಸರಪಳಿ ಸವೆಯುತ್ತಿದೆ ಎಂದೇ ತಿಳಿಯಬೇಕು.

ಟಾಕೀಸು ಈ ಸೀಮೆಗೆ ಬರೀ ಮನರಂಜನೆಯಾಗಿರಲಿಲ್ಲ. ಕನ್ನಡದ ಮೊದಲ ಟಾಕಿ ಚಿತ್ರ ‘ಸತಿ ಸುಲೋಚನಾ’ ತೆರೆಕಂಡ 1934ರ ಮಾರ್ಚ್ 3ರಂದು ಇದು ನಿಜಾಮರ ರಾಜ್ಯ. ಸರ್ಕಾರದ ಭಾಷೆ ಉರ್ದು. ಕನ್ನಡ ಉಳಿದದ್ದು ಮನೆ, ಮಠ, ಬಯಲಾಟ, ಕಂಪನಿ ನಾಟಕಗಳಲ್ಲಿ. ಸಂಸ್ಥಾನ 1948ರಲ್ಲಿ ಭಾರತಕ್ಕೆ ಸೇರಿ, 1956ರಲ್ಲಿ ಕನ್ನಡ ನಾಡು ಒಂದಾದಾಗ ಆ ಸಾಲಿಗೆ ಟಾಕೀಸೂ ಸೇರಿತು. ಜಾತ್ರೆಯ ಬಯಲಿನ ಟೆಂಟಿನಲ್ಲಿ, ಆಮೇಲೆ ಊರೊಳಗಿನ ಕಟ್ಟಡದಲ್ಲಿ, ಅಕ್ಷರ ಬಾರದವರೂ ಮೈಸೂರು ಸೀಮೆಯ ಕನ್ನಡವನ್ನು ಕೇಳಿ ತಮ್ಮದಾಗಿಸಿಕೊಂಡರು. ಎಡದಂಡೆ ಕಾಲುವೆಯ ನೀರು ಹರಿದ ಗಂಗಾವತಿ ಭಾಗಕ್ಕೆ ಆಂಧ್ರದ ರೈತರು ಬಂದು ಕ್ಯಾಂಪ್ ಕಟ್ಟಿಕೊಂಡಾಗ ತೆಲುಗು ಚಿತ್ರಗಳೂ ಬಂದವು. ಕನ್ನಡದವರು, ತೆಲುಗಿನವರು ಒಂದೇ ಸಾಲಿನಲ್ಲಿ ನಿಂತು ಟಿಕೆಟ್ ತೆಗೆದರು.

ಆ ಸಾಲು ಎಲ್ಲರಿಗೂ ಸಮನಾಗಿತ್ತು ಎನ್ನಲಾಗದು. 2014ರ ಆಗಸ್ಟ್‌ನಲ್ಲಿ ಗಂಗಾವತಿಯಲ್ಲಿ ಸಿನಿಮಾ ಟಿಕೆಟ್ ವಿಚಾರಕ್ಕೆ ಎದ್ದ ಜಗಳ ಮರಕುಂಬಿ ಗ್ರಾಮದ ದಲಿತ ಕೇರಿಗೆ ಬೆಂಕಿಯಾಗಿ ತಲುಪಿತು. ಆ ಪ್ರಕರಣದಲ್ಲಿ 2024ರ ಅಕ್ಟೋಬರ್ 24ರಂದು ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಜಾತಿ ಕೇಳದೆ ಅಕ್ಕಪಕ್ಕ ಕೂರುವ ಜಾಗಗಳು ನಮ್ಮ ಊರುಗಳಲ್ಲಿ ಬೆರಳೆಣಿಕೆಯಷ್ಟು. ಅಂಥ ಒಂದೊಂದು ಜಾಗವನ್ನೂ ಸರಿಪಡಿಸಿ ಉಳಿಸಿಕೊಳ್ಳಬೇಕೇ ಹೊರತು ಬಾಗಿಲು ಹಾಕಿ ಕಳೆದುಕೊಳ್ಳಬಾರದು.

ಸರಪಳಿ ಸವೆದದ್ದು ಹೇಗೆ? ರೀಲಿನ ಕಾಲದಲ್ಲಿ ಹೊಸ ಚಿತ್ರ ದೊಡ್ಡ ಊರುಗಳಲ್ಲಿ ಓಡಿದ ಮೇಲೆ ನಮ್ಮಲ್ಲಿಗೆ ಬರುತ್ತಿತ್ತು. ಮಧ್ಯದ ವಾರಗಳನ್ನು ಕಡಿಮೆ ಬಾಡಿಗೆಯ ಹಳೆಯ ಚಿತ್ರಗಳು ತುಂಬುತ್ತಿದ್ದವು. ಆಮೇಲೆ ಉಪಗ್ರಹದ ಮೂಲಕ ಚಿತ್ರ ಬರತೊಡಗಿದಾಗ ಬೆಂಗಳೂರಿನಲ್ಲಿ ಬಿಡುಗಡೆಯಾದ ದಿನವೇ ಕುಷ್ಟಗಿಯಲ್ಲೂ ನೋಡುವಂತಾಯಿತು. ಅದು ದೊಡ್ಡ ಲಾಭ. ಆದರೆ ಎಲ್ಲೆಡೆ ಒಟ್ಟಿಗೆ ಬಂದ ಚಿತ್ರ ಎಲ್ಲೆಡೆ ಒಟ್ಟಿಗೇ ಮುಗಿಯುತ್ತದೆ. ಹಳೆಯ ಚಿತ್ರ ಮೊಬೈಲಿಗೆ ಹೋಯಿತು. ಕೋವಿಡ್ ಬೀಗ ಹಾಕಿದ 2020ರ ತಿಂಗಳುಗಳಲ್ಲಿ ಮನೆಯಲ್ಲೇ ನೋಡುವ ರೂಢಿ ಬಲಿಯಿತು. ಈಗ ವರ್ಷಕ್ಕೆ ಮೂರೋ ನಾಲ್ಕೋ ದೊಡ್ಡ ಚಿತ್ರಗಳ ದುಡಿಮೆಯಲ್ಲಿ ಉಳಿದ ತಿಂಗಳುಗಳ ಕರೆಂಟ್ ಬಿಲ್ಲು, ಆಪರೇಟರ್ ಮತ್ತು ಗೇಟ್‌ಕೀಪರ್ ಸಂಬಳ ಹುಟ್ಟಬೇಕು. ಬಸ್ ನಿಲ್ದಾಣದ ಹತ್ತಿರ, ಪೇಟೆಯ ನಡುವೆ ಇರುವ ಜಾಗದ ಬೆಲೆ ಮಾತ್ರ ಏರುತ್ತಲೇ ಇದೆ. ಬೆಂಗಳೂರಿನ ಕಪಾಲಿ 2017ರಲ್ಲಿ, ಮೈಸೂರಿನ ಶಾಂತಲಾ 2020ರಲ್ಲಿ, ಬೆಂಗಳೂರಿನ ಕಾವೇರಿ 2024ರಲ್ಲಿ ಮುಚ್ಚಿದವು. ಅಂಥ ಊರುಗಳಲ್ಲೇ ನಿಲ್ಲದ್ದು ಇಲ್ಲಿ ತಾನಾಗಿಯೇ ನಿಲ್ಲುತ್ತದೆಂದು ಕೂರುವಂತಿಲ್ಲ.

ಮುಚ್ಚುವ ಮೊದಲು ಟಾಕೀಸು ಸೂಚನೆ ಕೊಡುತ್ತದೆ. ನಾಲ್ಕು ಆಟ ಎರಡಾಗುತ್ತವೆ. ಹತ್ತು ಜನ ಸೇರಲಿಲ್ಲವೆಂದು ಆಟ ರದ್ದಾಗುತ್ತದೆ. ಹರಿದ ಸೀಟು, ಕೆಟ್ಟ ಸ್ಪೀಕರ್ ಹಾಗೇ ಉಳಿಯುತ್ತವೆ. ಅನುಭವಿ ಆಪರೇಟರ್ ಬೇರೆ ಕೆಲಸ ಹಿಡಿಯುತ್ತಾನೆ. ಮದುವೆಗೋ ಗೋದಾಮಿಗೋ ಕಟ್ಟಡ ಬಾಡಿಗೆಗೆ ಹೋಗುತ್ತದೆ. ಕೊನೆಗೆ ಪರವಾನಗಿ ನವೀಕರಣದ ಅರ್ಜಿಯೇ ಬರುವುದಿಲ್ಲ. ಇವುಗಳಲ್ಲಿ ಎರಡು ಕಂಡರೂ ಎಚ್ಚರಾಗಬೇಕು.

ಬೆಂಗಳೂರಿನ ಚರ್ಚೆ ಈ ಗಾಯವನ್ನು ಮುಟ್ಟಿಲ್ಲ. 2025ರ ಸೆಪ್ಟೆಂಬರಿನಲ್ಲಿ ಸರ್ಕಾರ ಟಿಕೆಟ್ ದರಕ್ಕೆ 200 ರೂಪಾಯಿ ಮಿತಿ ಹಾಕಿತು, ಅದೇ ತಿಂಗಳು ಹೈಕೋರ್ಟ್ ತಡೆ ನೀಡಿತು. ಅದು ಮಲ್ಟಿಪ್ಲೆಕ್ಸ್‌ಗಳ ಜಗಳ; ನಮ್ಮ ಟಾಕೀಸುಗಳಿಗೆ ಬೇಕಿರುವುದು ದರದ ಮಿತಿಯಲ್ಲ, ವರ್ಷವಿಡೀ ಪ್ರೇಕ್ಷಕರು. 100 ರೂಪಾಯಿ ಒಳಗಿನ ಟಿಕೆಟ್‌ನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದದ್ದು ನಮ್ಮಂಥ ಊರುಗಳಿಗೆ ನಿಜವಾದ ನೆರವು. ಆ ಉಳಿತಾಯ ಸೀಟು, ಶೌಚಾಲಯ, ಧ್ವನಿ ವ್ಯವಸ್ಥೆಯಲ್ಲಿ ಕಾಣಬೇಕು.

ಮಾಡಬೇಕಾದ ಕೆಲಸ ಸ್ಪಷ್ಟವಿದೆ. ಚಿತ್ರಮಂದಿರದ ಪರವಾನಗಿ ಜಿಲ್ಲಾಡಳಿತದ ಕೈಯಲ್ಲಿದೆ. ಆದ್ದರಿಂದ ಯಾವ ಟಾಕೀಸು ಎಷ್ಟು ಆಟ ನಡೆಸುತ್ತಿದೆ, ಯಾವುದು ನಿಂತಿದೆ ಎಂಬ ಪಟ್ಟಿಯನ್ನು ಜಿಲ್ಲಾಧಿಕಾರಿ ಕಚೇರಿ ಪ್ರತಿ ವರ್ಷ ಪ್ರಕಟಿಸಲಿ. ದೊಡ್ಡ ಸಭಾಂಗಣವನ್ನು ಎರಡು ಸಣ್ಣ ಪರದೆಗಳಾಗಿ ಮಾಡಿ, ಮುಂದೆ ಅಂಗಡಿ ಕಟ್ಟಿಕೊಳ್ಳಲು ಮಾಲೀಕರಿಗೆ ಬೇಗ ಅನುಮತಿ ಸಿಗಲಿ. ಕೆಡವಿ ಕಟ್ಟುವವರು ಮೂರನೇ ಒಂದು ಭಾಗದಷ್ಟು ಆಸನಗಳನ್ನಾದರೂ ಉಳಿಸುವ ನಿಯಮ ಬರಲಿ. ಕೇರಳದ ಚಲನಚಿತ್ರ ಅಭಿವೃದ್ಧಿ ನಿಗಮ ಅಲ್ಲಿನ ಚೇರ್ತಲ, ಚಿತ್ತೂರಿನಂಥ ಸಣ್ಣ ಊರುಗಳಲ್ಲೂ ಸ್ವಂತ ಚಿತ್ರಮಂದಿರ ನಡೆಸುತ್ತಿದೆ. ಮುಚ್ಚಿದ ಒಂದು ಟಾಕೀಸನ್ನಾದರೂ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಹೀಗೆ ಮತ್ತೆ ತೆರೆಸಿ ತೋರಿಸಲಿ. ಹೆಗ್ಗೋಡಿನ ನೀನಾಸಂ 1973ರಲ್ಲಿ ಚಿತ್ರಸಮಾಜ ಕಟ್ಟಿ ಹಳ್ಳಿಯವರಿಗೆ ಜಗತ್ತಿನ ಚಿತ್ರಗಳನ್ನು ತೋರಿಸಿತು. ನಮ್ಮ ಕಾಲೇಜುಗಳೂ ಕನ್ನಡ ಸಂಘಗಳೂ ವಾರಕ್ಕೊಂದು ಮ್ಯಾಟ್ನಿಯ ಹೊಣೆ ಹೊತ್ತರೆ ಖಾಲಿ ಮಂಗಳವಾರ ತುಂಬುತ್ತದೆ.

19ನೇ ಗೇಟ್ ಹೋದಾಗ ತಂತ್ರಜ್ಞರು ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟ್ ಇಳಿಸಿ ವಾರದಲ್ಲಿ ನೀರು ನಿಲ್ಲಿಸಿದರು. ನೆಲಸಮವಾದ ಟಾಕೀಸಿಗೆ ಅಂಥ ತಾತ್ಕಾಲಿಕ ಗೇಟ್ ಇಲ್ಲ. ಮುಂದಿನ ದೊಡ್ಡ ಚಿತ್ರ ಬಂದು ಮತ್ತೆ ಹೌಸ್‌ಫುಲ್ ಬೋರ್ಡ್ ಹಾಕುವ ಮೊದಲೇ ಜಿಲ್ಲಾಡಳಿತ ಆ ಪಟ್ಟಿ ಮಾಡಿ ಮುಗಿಸಲಿ.